ಬಂದಳಿಕೆಯ ಬೇರು, ತುಕ್ಕುರೋಗದ ಬೆರಳು

ಬಂದಳಿಕೆ ಹಿಡಿದ ಹಳೆಯ ಮಾವಿನ ಮರವೊಂದರ ಕೆಳಗೆ ಬೇಸಿಗೆಯಲ್ಲಿ ನಿಂತು ತಲೆಯೆತ್ತಿ ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಬಂದಳಿಕೆ ಕೂತ ಜಾಗದಿಂದ ಆಚೆಗಿನ ಕೊಂಬೆಯ ತುದಿ ಬಡಕಲಾಗಿ, ಎಷ್ಟೋ ಕಡೆ ಒಣಗಿ ಬೋಳಾಗಿರುತ್ತದೆ. ಬಂದಳಿಕೆ ಮಾತ್ರ ದಪ್ಪ ಎಲೆಗಳನ್ನು ತುಂಬಿಕೊಂಡು, ಕೊಳವೆಯಂಥ ಹೂಗಳನ್ನು ಬಿಟ್ಟುಕೊಂಡು ಸೊಂಪಾಗಿ ನಿಂತಿರುತ್ತದೆ. ನೆಲಕ್ಕೆ ಅದರ ಒಂದು ಬೇರೂ ಇಳಿದಿಲ್ಲ. ಅದು ಕೊಂಬೆಯನ್ನು ಕಚ್ಚಿಕೊಂಡಿರುವ ಗಂಟನ್ನು ಕತ್ತರಿಸಿ ಉದ್ದಕ್ಕೆ ಸೀಳಿದರೆ, ಬಂದಳಿಕೆಯ ಕಟ್ಟಿಗೆ ಬೆಣೆ ಹೊಡೆದಂತೆ ಮಾವಿನ ಕಟ್ಟಿಗೆಯೊಳಕ್ಕೆ ಇಳಿದಿರುವುದು ಬರಿಗಣ್ಣಿಗೇ ಕಾಣುತ್ತದೆ. ಒಂದು ಮರದ ಬಣ್ಣ ಎಲ್ಲಿ ಮುಗಿಯಿತು, ಇನ್ನೊಂದರದು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆದು ತೋರಿಸಬಹುದು. ಆದರೆ ಆ ಗೆರೆಯನ್ನು ದಾಟಿ ನೀರು ಸರಾಗವಾಗಿ ಹೋಗುತ್ತಿರುತ್ತದೆ.

ಇದನ್ನು ನಾವು 'ರಸ ಹೀರುವುದು' ಎನ್ನುತ್ತೇವೆ. ರೂಢಿಯ ಮಾತು, ತಪ್ಪೇನಿಲ್ಲ. ಆದರೆ ಆ ಮಾತು ಕೇಳಿದಾಗ ಮನಸ್ಸಿನಲ್ಲಿ ಮೂಡುವ ಸೊಳ್ಳೆಯ, ಜಿಗಣೆಯ ಚಿತ್ರ ಇಲ್ಲಿ ದಾರಿ ತಪ್ಪಿಸುತ್ತದೆ. ಬಂದಳಿಕೆಗೆ ಎಳೆದುಕೊಳ್ಳುವ ಬಾಯಿಯಿಲ್ಲ, ಸ್ನಾಯುವಿಲ್ಲ. ಕಾಫಿ ಎಲೆಯ ತುಕ್ಕುರೋಗದ ಶಿಲೀಂಧ್ರಕ್ಕೂ ಇಲ್ಲ. ಹಾಗಿದ್ದರೂ ಇವು ಇನ್ನೊಂದು ಗಿಡದ ನೀರು, ಸಾರಜನಕ, ಸಕ್ಕರೆಗಳನ್ನು ಜೀವನಪೂರ್ತಿ ಪಡೆಯುತ್ತಿರುತ್ತವೆ. ಆತಿಥೇಯ ಗಿಡ ತನ್ನ ಎಲೆಗೆ, ಕಾಯಿಗೆ, ಬೇರಿಗೆ ಏನನ್ನು ಯಾವ ನಿಯಮದಿಂದ ಕಳಿಸುತ್ತದೋ ಅದೇ ನಿಯಮಕ್ಕೆ ಒಳಪಟ್ಟು ಇವುಗಳ ಕಡೆಗೂ ಕಳಿಸುವಂತೆ ಇವು ವ್ಯವಸ್ಥೆ ಮಾಡಿಕೊಂಡಿರುತ್ತವೆ. ಆ ವ್ಯವಸ್ಥೆಯನ್ನು ಅರ್ಥ ಮಾಡಿಕೊಳ್ಳಲು ಮೊದಲು ಗಿಡದೊಳಗಿನ ಎರಡು ಸಾಗಣೆಯ ದಾರಿಗಳನ್ನು ತಿಳಿಯಬೇಕು.

ಬೇರಿನಿಂದ ಎಲೆಯವರೆಗೆ ನೀರನ್ನೂ ಅದರಲ್ಲಿ ಕರಗಿದ ಖನಿಜಗಳನ್ನೂ ಒಯ್ಯುವ ಕೊಳವೆಗಳಿಗೆ ಕ್ಸೈಲಂ ಎಂದು ಹೆಸರು. ಇಲ್ಲಿ ನೀರನ್ನು ಕೆಳಗಿನಿಂದ ಯಾರೂ ತಳ್ಳಬೇಕಾಗಿಲ್ಲ: ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾಗಿ ಹೋದಂತೆಲ್ಲ, ಒಂದಕ್ಕೊಂದು ಅಂಟಿಕೊಂಡ ನೀರಿನ ಕಣಗಳ ಸರಪಳಿ ಮೇಲಕ್ಕೆ ಜಗ್ಗಲ್ಪಡುತ್ತದೆ. ಯಾವ ಎಲೆಯಲ್ಲಿ ನೀರಿನ ಕೊರತೆ ಹೆಚ್ಚೋ ಆ ಎಲೆಯ ಕಡೆಗೆ ಹರಿವೂ ಹೆಚ್ಚು. ಎರಡನೆಯ ದಾರಿಯಾದ ಫ್ಲೋಯಂ, ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಬೇರೆಡೆಗೆ ಸಾಗಿಸುತ್ತದೆ. ಸಕ್ಕರೆ ತುಂಬುವ ಕಡೆ ಒತ್ತಡ ಏರುತ್ತದೆ, ಸಕ್ಕರೆ ಖರ್ಚಾಗುವ ಕಡೆ ಒತ್ತಡ ಇಳಿಯುತ್ತದೆ, ರಸ ಏರಿನಿಂದ ಇಳಿಜಾರಿಗೆ ಹರಿಯುತ್ತದೆ. ಬಲಿಯುವ ಕಾಯಿ, ದಪ್ಪವಾಗುವ ಗೆಡ್ಡೆ, ಚಿಗುರುವ ಕುಡಿ ಇವೆಲ್ಲ ಅಂಥ ಇಳಿಜಾರುಗಳು. ಯಾರಿಗೆ ಎಷ್ಟು ಹೋಗಬೇಕು ಎಂದು ಗಿಡದಲ್ಲಿ ಲೆಕ್ಕ ಬರೆಯುವ ಕೇಂದ್ರವೆಂಬುದೊಂದಿಲ್ಲ. ಯಾರು ಹೆಚ್ಚು ಖರ್ಚು ಮಾಡುತ್ತಾರೋ ಅವರಿಗೆ ಹೆಚ್ಚು ಹೋಗುತ್ತದೆ. ಪರಾವಲಂಬಿಗಳು ನೆಚ್ಚಿಕೊಂಡಿರುವುದು ಈ ಒಂದು ಸಂಗತಿಯನ್ನು.

ಬಂದಳಿಕೆ ಕೈಹಾಕುವುದು ಮೊದಲನೆಯ ದಾರಿಗೆ. ಅದರ ಹಣ್ಣಿನೊಳಗೆ ಬೀಜದ ಸುತ್ತ ಬಹಳ ಜಿಗುಟಾದ ಅಂಟು ಇರುತ್ತದೆ. ಹಣ್ಣು ತಿಂದ ಪುಟ್ಟ ಹಕ್ಕಿ ಆ ಬೀಜವನ್ನು ಸುಲಭವಾಗಿ ಉದುರಿಸಲಾಗದೆ ಕೊಂಬೆಗೆ ಉಜ್ಜಿ ಬಿಡಿಸಿಕೊಳ್ಳುತ್ತದೆ. ಬಿತ್ತನೆ ಅಷ್ಟಕ್ಕೇ ಮುಗಿಯಿತು. ಮೊಳಕೆಯ ತುದಿ ತೊಗಟೆಗೆ ತಾಗಿ ಚಪ್ಪಟೆಯಾಗಿ ಅಂಟಿಕೊಂಡು, ನಡುವಿನಿಂದ ಒಂದು ಬೆಣೆಯನ್ನು ಒಳಕ್ಕೆ ಇಳಿಸಿ, ಕ್ಸೈಲಂ ಕೊಳವೆಗಳಿಗೆ ತನ್ನ ಕೊಳವೆಗಳನ್ನು ಜೋಡಿಸುತ್ತದೆ. ನಮ್ಮ ಕಡೆಯ ಸಾಮಾನ್ಯ ಬಂದಳಿಕೆಯಾದ ಡೆಂಡ್ರೋಫ್ತೋ ಫಾಲ್ಕೇಟಾ ಅಷ್ಟಕ್ಕೇ ನಿಲ್ಲದೆ, ತೊಗಟೆಯ ಮೇಲೆ ಹಬ್ಬುವ ಬೇರುಗಳನ್ನು ಬಿಟ್ಟು ಅಲ್ಲಲ್ಲಿ ಹೊಸ ಗಂಟುಗಳನ್ನೂ ಕಟ್ಟುತ್ತದೆ.

ಜೋಡಣೆಯಾದ ಮೇಲೆ ಹರಿವು ಹೇಗೆ? ಬಂದಳಿಕೆ ತನ್ನ ಪತ್ರರಂಧ್ರಗಳನ್ನು ಆತಿಥೇಯ ಮರಕ್ಕಿಂತ ಧಾರಾಳವಾಗಿ ತೆರೆದಿಟ್ಟುಕೊಳ್ಳುತ್ತದೆ. ಮರ ನೀರಿನ ಅಭಾವಕ್ಕೆ ಹೆದರಿ ತನ್ನ ರಂಧ್ರಗಳನ್ನು ಮುಚ್ಚಿಕೊಳ್ಳುವ ಹೊತ್ತಿನಲ್ಲಿಯೂ ಇದು ಆವಿ ಬಿಡುತ್ತಲೇ ಇರುತ್ತದೆ. ಮೇಲಾಗಿ ಇದರ ಎಲೆಗಳಲ್ಲಿ ಪೊಟ್ಯಾಸಿಯಂನಂಥ ಲವಣಗಳು ಸೇರುತ್ತಲೇ ಹೋಗುತ್ತವೆ, ಏಕೆಂದರೆ ಬಂದದ್ದನ್ನು ಹಿಂದಕ್ಕೆ ಕಳಿಸುವ ಫ್ಲೋಯಂ ಸಂಪರ್ಕ ಇದಕ್ಕೂ ಮರಕ್ಕೂ ಇಲ್ಲ. ಹೀಗಾಗಿ ಇಡೀ ಮರದಲ್ಲಿ ನೀರಿನ ಕೊರತೆ ಅತಿ ಹೆಚ್ಚಾಗಿರುವ ಜಾಗ ಬಂದಳಿಕೆಯ ಎಲೆಯೇ ಆಗುತ್ತದೆ, ಮರದ ನೀರು ತನ್ನ ಸಹಜ ನಿಯಮದಂತೆ ಅಲ್ಲಿಗೆ ಹೋಗುತ್ತದೆ. ಅಷ್ಟು ನೀರು ಅದಕ್ಕೇಕೆ ಬೇಕು ಎಂಬ ಪ್ರಶ್ನೆಗೆ ಒಂದು ಒಪ್ಪುವಂಥ ವಿವರಣೆಯಿದೆ. ಕ್ಸೈಲಂ ರಸ ಬಹಳ ತೆಳು. ಅದರಲ್ಲಿ ಸಾರಜನಕದ ಅಂಶ ಸ್ವಲ್ಪವೇ ಇರುತ್ತದೆ. ಬೇಕಾದಷ್ಟು ಸಾರಜನಕ ಸಿಗಬೇಕಾದರೆ ತೆಳು ಮಜ್ಜಿಗೆಯನ್ನು ಕೊಡಗಟ್ಟಲೆ ಕುಡಿದಂತೆ ನೀರನ್ನು ಹಾಯಿಸಬೇಕಾಗುತ್ತದೆ. ಎಲೆ ಹಸಿರಾಗಿರುವುದರಿಂದ ಸಕ್ಕರೆಯನ್ನು ಅದು ತಾನೇ ತಯಾರಿಸಿಕೊಳ್ಳುತ್ತದೆ, ಆದ್ದರಿಂದಲೇ ಇದನ್ನು ಅರೆ ಪರಾವಲಂಬಿ ಎನ್ನುತ್ತಾರೆ. ಆದರೂ ಮರದ ರಸದಲ್ಲಿ ಬರುವ ಅಮೈನೋ ಆಮ್ಲ, ಸಾವಯವ ಆಮ್ಲಗಳ ಮೂಲಕ ಇಂಗಾಲದ ಒಂದು ಪಾಲೂ ಪುಕ್ಕಟೆಯಾಗಿ ದಕ್ಕುತ್ತದೆ.

ಹೀಗೆ ಒಳನುಗ್ಗಿ ಜೋಡಿಸಿಕೊಳ್ಳುವ ಅಂಗಕ್ಕೆ ಸಸ್ಯಶಾಸ್ತ್ರದಲ್ಲಿ ಹಾಸ್ಟೋರಿಯಂ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲ ಪದಕ್ಕೆ ನೀರು ಸೇದುವುದು ಎಂಬ ಅರ್ಥ. ಬಾವಿಯಿಂದ ಸೇದಿದವರಿಗೆ ಈ ಹೆಸರು ಕೂಡಲೇ ಹತ್ತಿರವಾಗುತ್ತದೆ. ಹೂಬಿಡುವ ಸಸ್ಯಗಳಲ್ಲಿ ಸುಮಾರು ನೂರಕ್ಕೊಂದು ಜಾತಿ, ಅಂದರೆ 4,500ಕ್ಕೂ ಹೆಚ್ಚು ಪ್ರಭೇದಗಳು ಈ ಅಂಗವನ್ನು ಹೊಂದಿವೆ. ಅವೆಲ್ಲ ಒಂದೇ ವಂಶದವಲ್ಲ. ಹನ್ನೆರಡರಷ್ಟು ಬಾರಿ ಬೇರೆ ಬೇರೆ ಕುಲಗಳಲ್ಲಿ ಈ ಬದುಕು ಸ್ವತಂತ್ರವಾಗಿ ವಿಕಾಸವಾಗಿದೆ.

ಅವುಗಳಲ್ಲಿ ಒಂದನ್ನು ನಾವು ಕಳೆಯೆಂದು ಕೀಳುವ ಬದಲು ಕಾವಲಿಟ್ಟು ಬೆಳೆಸುತ್ತೇವೆ, ಅದು ಶ್ರೀಗಂಧ. ಗಂಧದ ಬೇರುಗಳು ಮಣ್ಣಿನೊಳಗೆ ನೆರೆಯ ಗಿಡದ ಬೇರಿಗೆ ತಾಗಿದಲ್ಲಿ ಗಂಟೆಯಾಕಾರದ ಪುಟ್ಟ ಬಿಳಿ ಗುಬ್ಬಿಗಳನ್ನು ಕಟ್ಟಿಕೊಂಡು ಕಚ್ಚುತ್ತವೆ. ಮದ್ರಾಸ್ ಪ್ರಾಂತ್ಯದಲ್ಲಿದ್ದ ಸಸ್ಯವಿಜ್ಞಾನಿ ಸಿ. ಎ. ಬಾರ್ಬರ್ 1906ರ ಸುಮಾರಿನಲ್ಲಿಯೇ ಈ ಅಂಗದ ರಚನೆಯನ್ನು ಪದರ ಪದರವಾಗಿ ವಿವರಿಸಿದ್ದರು. ಬೀಜದೊಳಗಿನ ದಾಸ್ತಾನಿನಿಂದ ಗಂಧದ ಸಸಿ ಕೆಲವು ತಿಂಗಳು ಒಂಟಿಯಾಗಿ ಬೆಳೆಯುತ್ತದೆ, ಆಮೇಲೆ ಎಲೆ ಹಳದಿಯಾಗಿ ಸೊರಗುತ್ತದೆ. ನರ್ಸರಿಗಳಲ್ಲಿ ಗಂಧದ ಸಸಿಯ ಚೀಲದಲ್ಲಿಯೇ ತೊಗರಿ ಬೀಜ ಹಾಕುವುದೂ, ತೋಟಕ್ಕೆ ನೆಟ್ಟ ಮೇಲೆ ಪಕ್ಕದಲ್ಲಿ ಹೊಂಗೆ, ಸರ್ವೆಯಂಥ ಮರಗಳನ್ನು ಬೆಳೆಸುವುದೂ ಇದಕ್ಕಾಗಿಯೇ. ಗಾಳಿಯ ಸಾರಜನಕವನ್ನು ಬೇರುಗಂಟುಗಳಲ್ಲಿ ಹಿಡಿದಿಡುವ ಗಿಡಗಳು ಗಂಧಕ್ಕೆ ಒಳ್ಳೆಯ ನೆರೆಯಾಗುತ್ತವೆ, ಏಕೆಂದರೆ ಅವುಗಳ ರಸದಲ್ಲಿ ಅದಕ್ಕೆ ಬೇಕಾದ ಸಾರಜನಕ ಹೆಚ್ಚಾಗಿರುತ್ತದೆ. ಗಂಧದ ಸಸಿಯ ಬುಡದಲ್ಲಿ ಬೆಳೆದದ್ದನ್ನೆಲ್ಲ ಕಳೆಯೆಂದು ಚೊಕ್ಕಟವಾಗಿ ಕಿತ್ತು, ಆಮೇಲೆ ಸಸಿ ಏಕೆ ಏಳುತ್ತಿಲ್ಲ ಎಂದು ಗೊಬ್ಬರ ಸುರಿಯುವುದು ನಿಜಕ್ಕೂ ಬೇಸರದ ಸಂಗತಿ. ಊಟದ ತಟ್ಟೆಯನ್ನೇ ಎತ್ತಿಟ್ಟ ಹಾಗಾಗುತ್ತದೆ.

ಮಣ್ಣಿನೊಳಗಿನ ಪರಾವಲಂಬಿಗಳಲ್ಲಿ ಅತ್ಯಂತ ಸೂಕ್ಷ್ಮವಾದ ಲೆಕ್ಕಾಚಾರ ಸ್ಟ್ರೈಗಾದ್ದು. ಉತ್ತರ ಕರ್ನಾಟಕದ ಜೋಳದ ಹೊಲಗಳಲ್ಲಿಯೂ ಕಬ್ಬಿನ ಗದ್ದೆಗಳಲ್ಲಿಯೂ ಬೆಳೆಯ ಬುಡಕ್ಕೆ ಒತ್ತಿಕೊಂಡು ಬಿಳಿ ಹೂ ಬಿಡುವ ಗೇಣುದ್ದದ ಈ ಗಿಡ ಆಫ್ರಿಕಾದಲ್ಲಿ ಜೋಳ, ಸಜ್ಜೆ, ಮೆಕ್ಕೆಜೋಳಗಳ ದೊಡ್ಡ ಶತ್ರು. ಇದರ ಬೀಜ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟೂ ಇರುವುದಿಲ್ಲ, ದೂಳಿನಂತೆ ಇರುತ್ತದೆ. ಒಂದೇ ಗಿಡ ಹತ್ತಾರು ಸಾವಿರ ಬೀಜ ಚೆಲ್ಲುತ್ತದೆ, ಅವು ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಮೀರಿ ಜೀವ ಹಿಡಿದಿರಬಲ್ಲವು. ಇಷ್ಟು ಚಿಕ್ಕ ಬೀಜದಲ್ಲಿ ದಾಸ್ತಾನು ಎಂಬುದು ಇಲ್ಲವೇ ಇಲ್ಲವೆನ್ನಬಹುದು: ಮೊಳೆತು ಕೆಲವು ದಿನಗಳೊಳಗೆ, ಕೆಲವೇ ಮಿಲಿಮೀಟರ್ ದೂರದೊಳಗೆ ಆತಿಥೇಯನ ಬೇರು ಸಿಗದಿದ್ದರೆ ಸಾವು. ಆದ್ದರಿಂದ ಮಳೆ ಬಿದ್ದು ಮಣ್ಣು ಹದವಾದರೂ ಅದು ಮೊಳೆಯದೆ ಕಾಯುತ್ತದೆ, ಹತ್ತಿರದಲ್ಲಿ ಬೇರು ಇದೆ ಎಂಬ ರಾಸಾಯನಿಕ ಸುಳಿವು ಬರುವ ತನಕ.

ಆ ಸುಳಿವು ಯಾವುದೆಂದು 1966ರಲ್ಲಿ ಮೊದಲ ಬಾರಿಗೆ ಗೊತ್ತಾಯಿತು. ಹತ್ತಿಯ ಬೇರಿನಿಂದ ಸೋರುವ ದ್ರವದಿಂದ ಪ್ರತ್ಯೇಕಿಸಿದ ಆ ವಸ್ತುವಿಗೆ ಸ್ಟ್ರೈಗಾಲ್ ಎಂದು ಹೆಸರಿಟ್ಟರು. ಅದರ ಬಳಗಕ್ಕೆ ಈಗ ಸ್ಟ್ರೈಗೋಲ್ಯಾಕ್ಟೋನ್ ಎಂಬ ಹೆಸರಿದೆ. ಅಳತೆಗೆ ಸಿಗುವುದೇ ಕಷ್ಟವೆನ್ನುವಷ್ಟು ಕಡಿಮೆ ಪ್ರಮಾಣದಲ್ಲಿಯೂ ಅದು ಬೀಜವನ್ನು ಎಬ್ಬಿಸುತ್ತದೆ. ಆದರೆ ತನ್ನ ಶತ್ರುವನ್ನು ಎಬ್ಬಿಸುವ ವಸ್ತುವನ್ನು ಯಾವುದಾದರೂ ಗಿಡ ಏಕೆ ಸುರಿಸಬೇಕು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಸುಮಾರು ನಾಲ್ಕು ದಶಕ ಕಳೆದು, 2005ರಲ್ಲಿ. ಜಪಾನಿನ ವಿಜ್ಞಾನಿಗಳು ತೋರಿಸಿಕೊಟ್ಟಂತೆ, ಬೇರಿಗೆ ರಂಜಕವನ್ನು ತಂದುಕೊಡುವ ಸ್ನೇಹಿ ಶಿಲೀಂಧ್ರವಾದ ಮೈಕೊರೈಜಾವನ್ನು ಕರೆಯಲು ಗಿಡ ಬಳಸುವ ಸಂಕೇತವೇ ಇದು. ಈ ವಸ್ತು ತಾಗಿದ ಕೂಡಲೇ ಆ ಶಿಲೀಂಧ್ರದ ಎಳೆಗಳು ಕವಲೊಡೆದು ಬೇರಿನತ್ತ ಹಬ್ಬುತ್ತವೆ. ಮಣ್ಣಿನಲ್ಲಿ ರಂಜಕ ಕಡಿಮೆಯಾದಷ್ಟೂ ಗಿಡ ಹೆಚ್ಚು ಕರೆಯುತ್ತದೆ. ಸ್ನೇಹಿತನಿಗೆ ಕೊಟ್ಟ ಆ ಕರೆಯನ್ನು ಸ್ಟ್ರೈಗಾ ಕದ್ದು ಕೇಳಿಸಿಕೊಳ್ಳುತ್ತದೆ. ಬಡ ಮಣ್ಣಿನ ಹೊಲಗಳಲ್ಲಿಯೇ ಈ ಕಳೆ ಹೆಚ್ಚು ಕಾಡುವುದಕ್ಕೆ ಇದೊಂದು ಮುಖ್ಯ ಕಾರಣ. ನನ್ನ ಮಟ್ಟಿಗೆ ಇಡೀ ಸಸ್ಯಲೋಕದಲ್ಲಿ ಇದಕ್ಕಿಂತ ಬೆರಗಿನ ಕಥೆ ಇಲ್ಲ.

ಮೊಳಕೆ ಬೇರನ್ನು ಮುಟ್ಟುವ ಹೊತ್ತಿಗೆ ಇನ್ನೊಂದು ರಾಸಾಯನಿಕ, ಬೇರಿನ ಕೋಶಭಿತ್ತಿಯಿಂದ ಬರುವ ಕ್ವಿನೋನ್, ಅದರ ತುದಿಯನ್ನು ಹಾಸ್ಟೋರಿಯಂ ಆಗಿ ಮಾರ್ಪಡಿಸುತ್ತದೆ. ಅಲ್ಲಿಂದ ಮುಂದೆ ಬಂದಳಿಕೆಯ ದಾರಿಯೇ: ಕ್ಸೈಲಂಗೆ ಜೋಡಣೆ, ಹಗಲೂ ರಾತ್ರಿ ತೆರೆದ ಪತ್ರರಂಧ್ರ, ಎಡೆಬಿಡದ ಹರಿವು. ವ್ಯತ್ಯಾಸವೆಂದರೆ ಸ್ಟ್ರೈಗಾ ಮಣ್ಣಿನಿಂದ ತಲೆ ಎತ್ತುವ ಮೊದಲು ವಾರಗಟ್ಟಲೆ ಬೆಳಕಿಲ್ಲದೆ ಪೂರ್ತಿಯಾಗಿ ಜೋಳದ ಖರ್ಚಿನಲ್ಲಿ ಬೆಳೆದಿರುತ್ತದೆ. ರೈತನ ಕಣ್ಣಿಗೆ ಬೀಳುವ ವೇಳೆಗೆ, ನೀರಿದ್ದರೂ ಬಾಡಿದಂತೆ ಕಾಣುವ ಜೋಳದಲ್ಲಿ ನಷ್ಟದ ಬಹುಪಾಲು ಆಗಿಹೋಗಿರುತ್ತದೆ.

ಬೇಲಿಯ ಮೇಲೆ ಶಾವಿಗೆ ಚೆಲ್ಲಿದಂತೆ ಹಳದಿ ಎಳೆಗಳಾಗಿ ಹಬ್ಬುವ ಕಸ್ಕ್ಯೂಟಾ, ಅಂದರೆ ಬೇರಿಲ್ಲದ ಆಕಾಶಬಳ್ಳಿ, ಎರಡನೆಯ ದಾರಿಗೂ ಕೈಹಾಕುತ್ತದೆ. ಅದಕ್ಕೆ ಎಲೆಯಿಲ್ಲ, ಹಸಿರು ಇಲ್ಲವೆನ್ನುವಷ್ಟು ಕಡಿಮೆ. ಸಕ್ಕರೆಯೂ ಆತಿಥೇಯನದೇ ಆಗಬೇಕು. ಅದರ ಹಾಸ್ಟೋರಿಯಂನಿಂದ ಹೊರಟ ಉದ್ದುದ್ದ ಕೋಶಗಳು ಆತಿಥೇಯನ ಕಾಂಡದೊಳಗೆ ಹುಡುಕಾಡುತ್ತ ಸಾಗಿ, ಕ್ಸೈಲಂ ಸಿಕ್ಕಿದಲ್ಲಿ ಕ್ಸೈಲಂನಂತೆಯೂ ಫ್ಲೋಯಂ ಸಿಕ್ಕಿದಲ್ಲಿ ಫ್ಲೋಯಂನಂತೆಯೂ ರೂಪ ತಾಳುತ್ತವೆ. ಬಳ್ಳಿ ಬೆಳೆದಷ್ಟೂ ಸಕ್ಕರೆ ಖರ್ಚಾಗಿ ಒತ್ತಡ ಇಳಿಯುವುದರಿಂದ, ಆತಿಥೇಯನಿಗೆ ಅದು ತನ್ನದೇ ಹೊಸದೊಂದು ಕಾಯಿಯಂತೆ ಕಾಣುತ್ತದೆ. ಸಸಿಯಾಗಿದ್ದಾಗ ಅದು ಟೊಮೆಟೊ ಗಿಡದ ವಾಸನೆಯನ್ನು ಹಿಡಿದು ಆ ಕಡೆಗೆ ಬಾಗುತ್ತದೆ ಎಂಬುದನ್ನು 2006ರಲ್ಲಿ ಅಮೆರಿಕದ ಸಂಶೋಧಕರು ಪ್ರಯೋಗದಿಂದ ತೋರಿಸಿದರು. ಈ ಸೇತುವೆಯ ಮೂಲಕ ಬರಿಯ ಆಹಾರವಲ್ಲದೆ ಜೀನ್‌ಗಳ ಸಂದೇಶ ಒಯ್ಯುವ ಸಾವಿರಾರು ಬಗೆಯ ಆರ್‌ಎನ್‌ಎ ಅಣುಗಳೂ ಎರಡೂ ದಿಕ್ಕಿಗೆ ಓಡಾಡುತ್ತವೆ ಎಂಬುದು 2014ರಲ್ಲಿ ಪ್ರಕಟವಾಯಿತು. ಬಳ್ಳಿ ಕಳಿಸುವ ಕೆಲವು ಪುಟ್ಟ ಆರ್‌ಎನ್‌ಎಗಳು ಆತಿಥೇಯನ ರಕ್ಷಣಾ ಜೀನ್‌ಗಳ ಬಾಯಿ ಕಟ್ಟುತ್ತವೆ ಎಂಬುದು ಆಮೇಲೆ ಗೊತ್ತಾಯಿತು. ಆ ಹುಡುಕಾಡುವ ಕೋಶಗಳಿಗೆ ವಿಜ್ಞಾನಿಗಳು ಶಿಲೀಂಧ್ರದ ಎಳೆಗಳಿಗಿರುವ ಹೈಫಾ ಎಂಬ ಹೆಸರನ್ನೇ ಕೊಟ್ಟಿದ್ದಾರೆ. ಸಸ್ಯ ಇಲ್ಲಿ ಶಿಲೀಂಧ್ರದಂತೆ ಬದುಕಲು ಕಲಿತಿದೆ.

ನಿಜವಾದ ಶಿಲೀಂಧ್ರಗಳಲ್ಲಿ, ಜೀವಂತ ಗಿಡವನ್ನೇ ನೆಚ್ಚಿಕೊಂಡ ತುಕ್ಕು ಮತ್ತು ಬೂದಿ ರೋಗಗಳ ಜಾತಿಯೊಂದಿದೆ. ಮಳೆಗಾಲ ಮುಗಿಯುವ ವೇಳೆಗೆ ಅರೇಬಿಕಾ ಕಾಫಿಯ ಎಲೆಯನ್ನು ಮಗುಚಿ ನೋಡಿದರೆ, ಕೇಸರಿ ಬಣ್ಣದ ಪುಡಿ ಬೆರಳಿಗೆ ಹತ್ತುತ್ತದೆ. ಆ ಪುಡಿಯ ಒಂದೊಂದು ಕಣವೂ ಒಂದೊಂದು ಬೀಜಾಣು. ಸೂಕ್ಷ್ಮದರ್ಶಕದಲ್ಲಿ ಅದರ ಬೆನ್ನು ಮುಳ್ಳುಮುಳ್ಳಾಗಿಯೂ ಹೊಟ್ಟೆ ನುಣುಪಾಗಿಯೂ ಕಾಣುತ್ತದೆ. ಹೆಮಿಲಿಯಾ ಎಂಬ ಅದರ ಹೆಸರಿಗೆ ಅರ್ಧ ನುಣುಪಾದದ್ದು ಎಂದೇ ಅರ್ಥ. 1869ರಲ್ಲಿ ಸಿಲೋನಿನಲ್ಲಿ ಗುರುತಿಸಲಾದ ಈ ರೋಗ ಮುಂದಿನ ಎರಡು ದಶಕಗಳಲ್ಲಿ ಆ ದ್ವೀಪದ ಕಾಫಿಯನ್ನು ನೆಲಕಚ್ಚಿಸಿತು.

ಒದ್ದೆಯಾದ ಎಲೆಯ ಅಡಿಯಲ್ಲಿ ಮೊಳೆತ ಬೀಜಾಣು ಪತ್ರರಂಧ್ರವನ್ನು ಹುಡುಕಿ ಒಳಹೊಕ್ಕು, ಮೊದಲು ಕೋಶಗಳ ನಡುವಿನ ಸಂದುಗಳಲ್ಲಿ ಎಳೆಗಳನ್ನು ಬಿಡುತ್ತದೆ. ಆಮೇಲೆ ಒಂದೊಂದು ಕೋಶದ ಭಿತ್ತಿಯನ್ನೂ ಸೂಜಿಮೊನೆಯಷ್ಟು ಕೊರೆದು, ಒಳಗೆ ಬೆರಳಿನಂಥ ಒಂದು ಅಂಗವನ್ನು ಚಾಚುತ್ತದೆ. ಇದಕ್ಕೂ ಹಾಸ್ಟೋರಿಯಂ ಎಂದೇ ಹೆಸರು, ಆದರೆ ಇದು ಬಂದಳಿಕೆಯ ಬೆಣೆಗಿಂತ ತೀರ ಬೇರೆ. ಇದು ಕೋಶದ ಗೋಡೆಯನ್ನು ದಾಟುತ್ತದೆಯೇ ಹೊರತು ಒಳಗಿನ ಕೋಶಪೊರೆಯನ್ನು ಹರಿಯುವುದಿಲ್ಲ. ಗಾಳಿ ತುಂಬಿದ ಬಲೂನಿಗೆ ಬೆರಳು ಒತ್ತಿದಾಗ ರಬ್ಬರು ಬೆರಳಿನ ಸುತ್ತ ಒಳಕ್ಕೆ ಮಡಚಿಕೊಳ್ಳುವಂತೆ, ಪೊರೆ ಆ ಬೆರಳಿನ ಸುತ್ತ ಕವಚವಾಗಿ ನಿಲ್ಲುತ್ತದೆ. ಕೋಶ ಸಾಯುವುದಿಲ್ಲ. ಸತ್ತರೆ ಶಿಲೀಂಧ್ರಕ್ಕೂ ಊಟವಿಲ್ಲ.

ಪೊರೆ ಮತ್ತು ಬೆರಳಿನ ನಡುವಿನ ಆ ತೆಳುವಾದ ಸಂದಿಯಲ್ಲಿಯೇ ಎಲ್ಲ ವ್ಯವಹಾರ ನಡೆಯುತ್ತದೆ. ಶಿಲೀಂಧ್ರ ಅಲ್ಲಿಗೆ ಇನ್ವರ್ಟೇಸ್ ಎಂಬ ಕಿಣ್ವವನ್ನು ಬಿಟ್ಟು ಗಿಡದ ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂದು ಎರಡಾಗಿ ಒಡೆಯುತ್ತದೆ. ತನ್ನ ಶಕ್ತಿ ಖರ್ಚು ಮಾಡಿ ಪ್ರೋಟಾನುಗಳನ್ನು ಹೊರಕ್ಕೆ ತಳ್ಳುತ್ತದೆ. ಅವು ಮರಳಿ ಒಳನುಗ್ಗುವಾಗ ಸಕ್ಕರೆಯ ಕೈಹಿಡಿದು ಒಳಗೆ ಕರೆತರುವ ಸಾಗಣೆ ಪ್ರೋಟೀನುಗಳು ಬೆರಳಿನ ಪೊರೆಯಲ್ಲಿ ನೆಲೆಸಿವೆ. 2001ರಲ್ಲಿ ಜರ್ಮನಿಯ ಕಾನ್‌ಸ್ಟಾನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬ್ರಾಡ್ ಬೀನ್ ಗಿಡದ ತುಕ್ಕುರೋಗದಲ್ಲಿ ಅಂಥ ಪ್ರೋಟೀನೊಂದನ್ನು ಗುರುತಿಸಿ, ಅದು ಹಾಸ್ಟೋರಿಯಂನಲ್ಲಿಯೇ ಇದೆ ಎಂದು ತೋರಿಸಿದಾಗ, ಅಷ್ಟು ಕಾಲ ಊಹೆಯಾಗಿದ್ದ ಸಂಗತಿಗೆ ಗಟ್ಟಿ ಸಾಕ್ಷ್ಯ ಸಿಕ್ಕಿತು. ಒಳಗೆ ಬಂದ ಸಕ್ಕರೆಯ ಒಂದು ಭಾಗವನ್ನು ಶಿಲೀಂಧ್ರ ಮ್ಯಾನಿಟಾಲ್ ಎಂಬ ಬೇರೊಂದು ವಸ್ತುವಾಗಿ ಪರಿವರ್ತಿಸಿಡುವುದರಿಂದ ಅದರ ಒಡಲಲ್ಲಿ ಗ್ಲೂಕೋಸ್ ಯಾವಾಗಲೂ ಕಡಿಮೆಯೇ, ಇಳಿಜಾರು ಯಾವಾಗಲೂ ಅದರ ಕಡೆಗೇ. ರೋಗ ತಗುಲಿದ ಎಲೆ ಮುಪ್ಪಾಗಿ ಹಳದಿಯಾಗುವಾಗಲೂ ಶಿಲೀಂಧ್ರವಿರುವ ಜಾಗ ಹಸಿರಾಗಿ ಉಳಿಯುವುದನ್ನು ಹಲವು ತುಕ್ಕು, ಬೂದಿ ರೋಗಗಳಲ್ಲಿ ಕಾಣಬಹುದು. ಸೈಟೊಕೈನಿನ್ ಎಂಬ ಸಸ್ಯ ಹಾರ್ಮೋನಿನ ಪ್ರಭಾವದಿಂದ ಎಲೆಯ ಆ ತುಂಡು ಎಳೆಯದಾಗಿಯೇ ಉಳಿದು ಬೇರೆಡೆಯ ಆಹಾರವನ್ನೂ ಎಳೆದುಕೊಳ್ಳುತ್ತಿರುತ್ತದೆ.

ಭತ್ತ ಮತ್ತು ರಾಗಿಯ ಬೆಂಕಿ ರೋಗದ ಶಿಲೀಂಧ್ರ ಬಾಗಿಲು ಹುಡುಕುವುದಿಲ್ಲ, ಗೋಡೆಯನ್ನೇ ಒಡೆಯುತ್ತದೆ. ಎಲೆಯ ಮೇಲೆ ಅದು ಕಟ್ಟುವ ಗುಮ್ಮಟದಂಥ ಕೋಶದಲ್ಲಿ ಗ್ಲಿಸರಾಲ್ ತುಂಬಿ, ನೀರು ಒಳನುಗ್ಗಿ, ವಾತಾವರಣದ ಒತ್ತಡದ 80 ಪಟ್ಟಿನವರೆಗೆ ಒತ್ತಡ ಏರುತ್ತದೆ. ಕಾರಿನ ಟೈರಿನ ಒತ್ತಡದ ಮೂವತ್ತು ಪಟ್ಟಿಗೂ ಮೀರಿದ್ದು ಇದು. ಆ ಬಲದಿಂದ ಒಂದು ಮೊಳೆ ಎಲೆಯೊಳಕ್ಕೆ ಇಳಿಯುತ್ತದೆ. ಗುಮ್ಮಟ ಸೋರದಂತೆ ಕಾಯುವುದು ಅದರ ಗೋಡೆಯ ಕಪ್ಪು ಮೆಲನಿನ್ ಪದರ. ಭತ್ತದ ರೈತರು ಸಿಂಪಡಿಸುವ ಟ್ರೈಸೈಕ್ಲಾಜೋಲ್ ಆ ಮೆಲನಿನ್ ತಯಾರಿಕೆಯನ್ನು ತಡೆಯುತ್ತದೆ, ಅಂದರೆ ಶಿಲೀಂಧ್ರವನ್ನು ಕೊಲ್ಲುವ ಬದಲು ಅದರ ಒಳಹೋಗುವ ಶಕ್ತಿಯನ್ನು ಕಸಿಯುತ್ತದೆ. ಒಳಹೊಕ್ಕ ಮೇಲೆ ಚಿಕಿತ್ಸೆಯಾಗಿ ಸಿಂಪಡಿಸಿ ಪ್ರಯೋಜನ ಕಡಿಮೆ ಎಂಬುದು ಇದರಿಂದ ತಾನಾಗಿ ತಿಳಿಯುತ್ತದೆ.

ಇನ್ನು ಕೆಲವು ಶಿಲೀಂಧ್ರಗಳು ಮೊದಲು ಕೊಂದು ಆಮೇಲೆ ತಿನ್ನುತ್ತವೆ. ಶೇಂಗಾದ ಬುಡದಲ್ಲಿ ಬಿಳಿ ನೂಲು ಹರಡಿ, ಸಾಸಿವೆ ಕಾಳಿನಂಥ ಗುಂಡುಗಳನ್ನು ಬಿಡುವ ಸ್ಕ್ಲೆರೋಷಿಯಂ ಆಕ್ಸಾಲಿಕ್ ಆಮ್ಲವನ್ನೂ ಭಿತ್ತಿ ಕರಗಿಸುವ ಕಿಣ್ವಗಳನ್ನೂ ಮುಂದಾಗಿ ಕಳಿಸಿ, ಸತ್ತು ಸೋರಿದ ಅಂಗಾಂಶದ ಮೇಲೆ ಬೆಳೆಯುತ್ತದೆ. ಇಲ್ಲಿ ಹಾಸ್ಟೋರಿಯಂ ಇಲ್ಲ, ನಾಜೂಕೂ ಇಲ್ಲ. ಅಡಿಕೆಯ ಕೊಳೆರೋಗವನ್ನು ಇವುಗಳ ಸಾಲಿಗೆ ಸೇರಿಸುವವರುಂಟು. ಅದರ ಕಾರಕವಾದ ಫೈಟಾಫ್ತೊರಾ ನಿಜಕ್ಕೂ ಶಿಲೀಂಧ್ರವೇ ಅಲ್ಲ, ಪಾಚಿಗಳಿಗೆ ಹತ್ತಿರದ ಜೀವಿ, ಮತ್ತು ಅದು ಜೀವಂತ ಕೋಶದಲ್ಲಿ ಆರಂಭಿಸಿ ಸತ್ತ ಕೋಶದಲ್ಲಿ ಮುಗಿಸುತ್ತದೆ. ಕಾಫಿಯ ಕರಿಕೊಳೆ ರೋಗದ ಶಿಲೀಂಧ್ರಕ್ಕಂತೂ ಕೊಳೆರೋಗ ಎಂಬ ನಮ್ಮ ಪದವೇ ವೈಜ್ಞಾನಿಕ ಹೆಸರಿನೊಳಗೆ ಸೇರಿಹೋಗಿದೆ.

ಕೊಲ್ಲುವವರಿಗೂ ಕೊಲ್ಲದೆ ಉಣ್ಣುವವರಿಗೂ ಇರುವ ಈ ಭೇದ ಗಿಡದ ರಕ್ಷಣೆಗೆ ನಿರ್ಣಾಯಕವಾಗಿದೆ. ತುಕ್ಕುರೋಗದ ಹಾಸ್ಟೋರಿಯಂ ಸಕ್ಕರೆ ಪಡೆಯುವುದರ ಜೊತೆಗೆ, ಕೋಶದ ಎಚ್ಚರಿಕೆಯ ಗಂಟೆ ಬಾರಿಸದಂತೆ ತಡೆಯುವ ಪ್ರೋಟೀನುಗಳನ್ನು ಒಳಗೆ ಬಿಡುತ್ತದೆ. ನಿರೋಧಕ ತಳಿಯ ಗಿಡ ಅವುಗಳಲ್ಲಿ ಒಂದನ್ನು ಗುರುತಿಸಿದ ಕೂಡಲೇ ಆ ಕೋಶವನ್ನೂ ಸುತ್ತಲಿನ ಕೆಲವನ್ನೂ ತಾನೇ ಸಾಯಿಸಿಕೊಳ್ಳುತ್ತದೆ. ಜೀವಂತ ಕೋಶವಿಲ್ಲದೆ ತುಕ್ಕು ಉಪವಾಸ ಬೀಳುತ್ತದೆ. ಅದೇ ಆತ್ಮತ್ಯಾಗ ಕೊಂದು ತಿನ್ನುವ ಶಿಲೀಂಧ್ರಗಳ ಎದುರು ನಡೆದರೆ ಅವಕ್ಕೆ ಬಡಿಸಿಟ್ಟ ಊಟವಾಗುತ್ತದೆ. ಆದರೆ ಒಂದೇ ಪ್ರೋಟೀನನ್ನು ಗುರುತಿಸಿ ನಿಂತ ನಿರೋಧಕತೆ, ಶಿಲೀಂಧ್ರ ಆ ಒಂದನ್ನು ಬದಲಿಸಿಕೊಂಡರೆ ಮುರಿಯುತ್ತದೆ. 1911ರಲ್ಲಿ ಮೂಡಿಗೆರೆಯ ದೊಡ್ಡೇನಗುಡ್ಡ ಎಸ್ಟೇಟಿನಲ್ಲಿ ಆಯ್ಕೆಯಾದ ಕೆಂಟ್ಸ್ ಕಾಫಿ ಕೆಲಕಾಲ ತುಕ್ಕನ್ನು ತಡೆದು ಆಮೇಲೆ ಸೋತಿತು. ಹೀಗೇಕಾಯಿತೆಂಬುದನ್ನು, ಅಂದರೆ ತುಕ್ಕಿನಲ್ಲಿಯೇ ಬೇರೆ ಬೇರೆ ಉಪಜಾತಿಗಳಿವೆ ಎಂಬುದನ್ನು, 1930ರ ದಶಕದಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಮೇಯ್ನ್ ಅವರು ತೋರಿಸಿದರು.

ಬಂದಳಿಕೆಯ ವಿಷಯದಲ್ಲಿ ಉಪಾಯ ಸರಳ. ಎಲೆ, ರೆಂಬೆಗಳನ್ನು ಸವರಿದರೆ ಸಾಲದು, ಒಳಗೆ ಉಳಿದ ಬೆಣೆಯಿಂದ ಅದು ಮತ್ತೆ ಚಿಗುರುತ್ತದೆ. ಹಣ್ಣಾಗುವ ಮುನ್ನ, ಗಂಟಿಗಿಂತ ಗೇಣುದ್ದವಾದರೂ ಬುಡದ ಕಡೆಗೆ ಕೊಂಬೆಯನ್ನೇ ಕತ್ತರಿಸಬೇಕು. ಸ್ಟ್ರೈಗಾದ ವಿಷಯದಲ್ಲಿ ಅದರ ಕದ್ದು ಕೇಳುವ ಗುಣವನ್ನೇ ಅದರ ಮೇಲೆ ತಿರುಗಿಸಲಾಗಿದೆ. ಹತ್ತಿ, ಅಲಸಂದೆಯಂಥ ಬೆಳೆಗಳ ಬೇರು ಅದರ ಬೀಜವನ್ನು ಎಬ್ಬಿಸುತ್ತದೆ, ಊಟ ಕೊಡುವುದಿಲ್ಲ. ಜೋಳಕ್ಕೆ ಬದಲಾಗಿ ಅವನ್ನು ಬೆಳೆದ ವರ್ಷ ಮಣ್ಣಿನ ಬೀಜದ ಒಂದು ಪಾಲು ಮೊಳೆತು ಸಾಯುತ್ತದೆ. 1956ರಲ್ಲಿ ಅಮೆರಿಕದ ಕ್ಯಾರೊಲೈನಾ ರಾಜ್ಯಗಳಲ್ಲಿ ಈ ಕಳೆ ಕಾಣಿಸಿಕೊಂಡಾಗ, ಮಣ್ಣಿಗೆ ಎಥಿಲೀನ್ ಅನಿಲವನ್ನು ಊದಿ ಬೀಜಗಳನ್ನು ಬೇರಿಲ್ಲದ ವೇಳೆಯಲ್ಲಿ ಎಬ್ಬಿಸಿ ಕೊಂದರು. ಎಥಿಯೋಪಿಯಾ ಮೂಲದ ವಿಜ್ಞಾನಿ ಗೆಬಿಸಾ ಎಜೆಟಾ ಅವರು ಜೋಳದಲ್ಲಿಯೇ ನಿರೋಧಕತೆಯನ್ನು ಹುಡುಕಿ ತಳಿಗಳನ್ನು ರೂಪಿಸಿ 2009ರ ವಿಶ್ವ ಆಹಾರ ಪ್ರಶಸ್ತಿ ಪಡೆದರು. ಆ ನಿರೋಧಕತೆಯ ಹಿಂದಿರುವ ಒಂದು ಜೀನ್ 2017ರಲ್ಲಿ ಪತ್ತೆಯಾಯಿತು. ಅದು ಕೆಲಸ ಮಾಡದ ಜೋಳದ ಬೇರು ಸ್ಟ್ರೈಗೋಲ್ಯಾಕ್ಟೋನನ್ನು ಸುರಿಸುವುದನ್ನು ನಿಲ್ಲಿಸುವುದಿಲ್ಲ, ಅದರ ಬಗೆಯನ್ನು ಮಾತ್ರ ಬದಲಿಸುತ್ತದೆ: ಒರೊಬ್ಯಾಂಕಾಲ್ ಎಂಬ ಈ ಇನ್ನೊಂದು ಬಗೆಗೆ ಸ್ನೇಹಿ ಶಿಲೀಂಧ್ರದ ಎಳೆಗಳು ಕವಲೊಡೆಯುತ್ತವೆ, ಪಕ್ಕದಲ್ಲಿಯೇ ಬಿದ್ದಿರುವ ಸ್ಟ್ರೈಗಾ ಬೀಜಗಳಲ್ಲಿ ಬಹುಪಾಲು ಮೊಳೆಯದೆ ಮಣ್ಣಿನಲ್ಲಿ ಹಾಗೆಯೇ ಉಳಿಯುತ್ತವೆ.